ಶರ್ಯತ್ತಿನ ಹೊಲ, ರೇಸಿನ ಮೈದಾನ

ವಿಜಯಪುರದ ಆದಿಲ್‌ಶಾಹಿ ವಂಶದವರು ರಾಜ್ಯವಾಳಿದ್ದು ಕುದುರೆ ದಂಡಿನ ಬಲದಿಂದ. ಅರಬ್ ಮತ್ತು ಪಾರಸಿಕ ನಾಡುಗಳ ಕುದುರೆಗಳು ಹಡಗಿನಲ್ಲಿ ಗೋವೆಗೆ ಬಂದಿಳಿಯುತ್ತಿದ್ದವು. ಆದುದರಿಂದ 1510ರಲ್ಲಿ ಆ ರೇವು ಪೋರ್ಚುಗೀಸರ ಪಾಲಾದಾಗ ವಿಜಯಪುರಕ್ಕೆ ಬಿದ್ದ ಪೆಟ್ಟು ದೊಡ್ಡದು. ಗೋವೆಗೆ ಬಂದ ಕುದುರೆಗಳೆಲ್ಲ ತನಗೇ ಸಲ್ಲಬೇಕು, ವಿಜಯಪುರಕ್ಕೆ ಹೋಗಕೂಡದು ಎಂದು 1547ರಲ್ಲಿ ವಿಜಯನಗರವು ಪೋರ್ಚುಗೀಸರೊಡನೆ ಷರತ್ತು ಮಾಡಿಕೊಂಡಿತು.

ಷರತ್ತು ಎಂಬ ಅರಬ್ಬೀ ಮೂಲದ ಈ ಮಾತೇ ಮರಾಠಿಯ ದಾರಿಯಿಂದ ‘ಶರ್ಯತ್ತು’ ಎಂಬ ರೂಪ ತಾಳಿ, ಉತ್ತರ ಕರ್ನಾಟಕದಲ್ಲಿ ಪಂದ್ಯದ ಓಟಕ್ಕೆ ಹೆಸರಾಗಿದೆ. ಜಾತ್ರೆಗಳಲ್ಲಿ ಜೋಡೆತ್ತಿನ ಮತ್ತು ಕುದುರೆಯ ಗಾಡಿಗಳ ಶರ್ಯತ್ತು ನಡೆಯುತ್ತದೆ. ಭಾರ ಹೇರಿದ ಬಂಡಿಯನ್ನು ಎತ್ತುಗಳು ಗೊತ್ತಾದ ಸಮಯದಲ್ಲಿ ಎಷ್ಟು ದೂರ ಎಳೆದಾವೆಂದು ಅಳೆಯುವ ‘ತೆರಬಂಡಿ’ಯೂ ಇದೆ. ಇವುಗಳಿಗೆ ಬೇಲಿ ಹಾಕಿದ ಮೈದಾನವಿಲ್ಲ, ಸುಗ್ಗಿ ಮುಗಿದು ಬರಿದಾದ ಹೊಲವೋ ಊರ ಹೊರಗಿನ ರಸ್ತೆಯೋ ಆ ದಿನದ ಮಟ್ಟಿಗೆ ಕಣವಾಗುತ್ತದೆ. ಗುರುತು ಉಳಿಸದ ಈ ಕಣಗಳು ಇತಿಹಾಸದ ಪುಸ್ತಕಗಳಿಂದ ಹೊರಗುಳಿದದ್ದು ನಿಜಕ್ಕೂ ಒಂದು ಕೊರತೆ.

ಕಟಕಟೆ, ಗ್ಯಾಲರಿ, ಟೋಟ್ (ಪಣದ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆ) ಇರುವ ರೇಸ್‌ಕೋರ್ಸ್ ದಕ್ಷಿಣಕ್ಕೆ ಬಂದದ್ದು ಬ್ರಿಟಿಷ್ ದಂಡಿನ ಅಭಿರುಚಿ ಮತ್ತು ಅರಸರ ಆಶ್ರಯದ ಮೂಲಕ; 1891ರಲ್ಲಿ ಮೈಸೂರು ರೇಸ್ ಕ್ಲಬ್ ಹುಟ್ಟಿತು, ಟಿಪ್ಪು ಸುಲ್ತಾನ್ ದಂಡಿನ ಕುದುರೆಗಳಿಗಾಗಿ ತೆರೆದ ಕುಣಿಗಲ್ ತಳಿಶಾಲೆಯೂ ಕಾಲಾಂತರದಲ್ಲಿ ರೇಸ್ ಕುದುರೆಗಳ ತವರಾಯಿತು.

ಕುದುರೆ ರೇಸ್ ಜೂಜಲ್ಲ, ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಅದೇ ನ್ಯಾಯಾಲಯ 2014ರಲ್ಲಿ ಪ್ರಾಣಿಹಿಂಸೆಯ ಕಾರಣಕ್ಕೆ ಎತ್ತಿನ ಗಾಡಿಯ ಓಟವನ್ನು ನಿಷೇಧಿಸಿತು. ಎತ್ತಿನ ನೋವಿನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು, ಆದರೆ ಚಾವಟಿ ಬೀಳುವ ಕುದುರೆಯ ವಿಷಯದಲ್ಲಿ ಅದು ಅಷ್ಟೇ ಗಟ್ಟಿಯಾಗಿ ಕೇಳಿಬರಲಿಲ್ಲ. ಕಂಬಳ ಮತ್ತು ಗಾಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ಕಾನೂನು ತಿದ್ದುಪಡಿಯನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು.

ಈ ನಡುವೆ ಎತ್ತುಗಳ ಜಾಗಕ್ಕೆ ಯಂತ್ರವೂ ಬಂದು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ‘ರಿವರ್ಸ್’ ಸ್ಪರ್ಧೆ ಉತ್ತರ ಕರ್ನಾಟಕದ ಜಾತ್ರೆಗಳಿಗೆ ಹೊಂದಿಕೊಂಡಿದೆ. ಅದಕ್ಕೂ ಸುಗ್ಗಿ ಮುಗಿದ ಬಯಲೇ ಕಣ.