ಐದು ವರ್ಷದ ಅಂಗಿ

ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅಮ್ಮ ಹೊಲಿಸಿದ ನೀಲಿ ಸ್ಕರ್ಟ್ ಮೊಣಕಾಲು ದಾಟಿ ಗೇಣುದ್ದ ಕೆಳಗೆ ಇಳಿಯುತ್ತಿತ್ತು. ಅಮ್ಮ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ದಿನಕ್ಕೆ ನೂರಾರು ಅಂಗಿಗಳ ಕಾಲರ್ ಅವಳ ಕೈಯಿಂದ ದಾಟಿ ಹೋಗುತ್ತಿದ್ದವು. ಮನೆಯಲ್ಲಿ ಮಾತ್ರ ಮಿಷನ್ ಇರಲಿಲ್ಲ. ಹಾಗಾಗಿ ನನ್ನ ಯೂನಿಫಾರ್ಮ್ ಬಟ್ಟೆ ಲಗ್ಗೆರೆಯ ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋಗುತ್ತಿತ್ತು. "ಬೆಳೆಯೋ ಮಗು ಕಣಣ್ಣ, ಕೆಳಗಡೆ ನಾಲ್ಕು ಬೆರಳು ಮಡಿಕೆ ಬಿಡು" ಎಂದು ಅಮ್ಮ ಹೇಳುವುದು, "ಅಷ್ಟು ಬಿಟ್ರೆ ಭಾರ ಆಗುತ್ತಕ್ಕ" ಎಂದು ಅವರು ಗೊಣಗುವುದು ಪ್ರತಿಸಲವೂ ಇದ್ದದ್ದೇ.

ಮೇ ಕೊನೆಯ ವಾರದಲ್ಲಿ ಅಮ್ಮ ಬ್ಲೇಡು ಹಿಡಿದು ಕೂತು ಒಂದು ಮಡಿಕೆ ಬಿಚ್ಚುತ್ತಿದ್ದಳು. ವರ್ಷವಿಡೀ ಬಿಸಿಲಿಗೂ ಸೋಪಿಗೂ ಬಿಳಿಚಿಕೊಂಡ ಬಟ್ಟೆಯ ಕೆಳಗೆ, ಮಡಿಕೆಯೊಳಗೆ ಉಳಿದಿದ್ದ ಕಡುನೀಲಿ ಅಂಚು ಕಟ್ಟಿದ ಹಾಗೆ ಕಾಣುತ್ತಿತ್ತು. ಅದೇ ನನ್ನ ಹೊಸ ಬಟ್ಟೆ. ಇನ್ನೂ ಒಂದು ಮಡಿಕೆ ಬಾಕಿಯಿರುವಾಗಲೇ, ನಾಲ್ಕನೇ ಕ್ಲಾಸಿನ ಫೀಸ್ ಚೀಟಿಯ ಜೊತೆ ಇನ್ನೊಂದು ಕಾಗದ ಬಂತು: ಈ ಸಲದಿಂದ ಚೌಕಳಿ ಸ್ಕರ್ಟ್, ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕು, ಟೈ ಮತ್ತು ಬೆಲ್ಟ್ ಸೇರಿ ಒಂದು ಸೆಟ್. ಅಮ್ಮ ಆ ತಿಂಗಳು ಚೀಟಿ ಕೂಗಿ ಎತ್ತಿದಳು. ತಳ್ಳಿ ಎತ್ತಿದ್ದರಿಂದ ಎಷ್ಟು ಕಡಿಮೆ ಬಂತು ಎನ್ನುವುದನ್ನು ಅವಳು ಈಗಲೂ ಪೈಸೆ ಸಮೇತ ಹೇಳಬಲ್ಲಳು.

ಮಕ್ಕಳಿಗೆ ಪ್ರತಿ ವರ್ಷ ಹೊಸ ಬಟ್ಟೆ, ಹೊಸ ಬ್ಯಾಗು, ಹೊಸ ಪುಸ್ತಕ ಬೇಕೇ? ಇದು ಮನೆಯೊಳಗಿನ ಲೆಕ್ಕಾಚಾರದ ಪ್ರಶ್ನೆ ಎಂದೇ ನಾನು ತಿಳಿದಿದ್ದೆ. ಬೆಂಗಳೂರಿನ ಕಾರ್ಮಿಕ ಬಡಾವಣೆಗಳ ಶಾಲೆಗಳ ಮೇಲೆ ಪಿಎಚ್.ಡಿ. ಮಾಡಲು ಹೊರಟು ಹಳೆಯ ನಿಯಮಾವಳಿಗಳನ್ನು ಓದುತ್ತಿದ್ದಾಗ ಇದಕ್ಕೆ ಕಾನೂನಿನಲ್ಲೇ ಒಂದು ಉತ್ತರ ಇರುವುದು ಕಂಡಿತು. ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು. ಜಾರಿಗೆ ಬಂದದ್ದು 1995ರ ಜನವರಿಯಲ್ಲಿ. ಅದೇ ವರ್ಷ ಅದರಡಿ ರೂಪಿಸಿದ ಪಠ್ಯಕ್ರಮ ಇತ್ಯಾದಿಗಳ ನಿಯಮಗಳಲ್ಲಿ 11ನೆಯದು ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಅದರ ಸಾರ ಮೂರು ಮಾತು. ಶಾಲೆ ತನ್ನದೇ ಸಮವಸ್ತ್ರ ಗೊತ್ತುಮಾಡಬಹುದು, ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಮುಂದಿನ ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಿದ್ದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಬೇಕು. ಬಟ್ಟೆಯನ್ನಾಗಲಿ ಪುಸ್ತಕವನ್ನಾಗಲಿ ಶಾಲೆಯಲ್ಲೇ, ಅಥವಾ ಶಾಲೆ ಹೇಳಿದ ಅಂಗಡಿಯಲ್ಲೇ, ಶಾಲೆ ಸೂಚಿಸಿದ ದರ್ಜಿಯ ಹತ್ತಿರವೇ ಪಡೆಯಬೇಕೆಂದು ಒತ್ತಾಯಿಸುವಂತಿಲ್ಲ. ಅದು ಪೋಷಕರ ಇಷ್ಟ.

ನಮ್ಮ ಮನೆಗೆ ಆ ಕಾಗದ ಬಂದದ್ದು ಈ ನಿಯಮ ಬಂದು ಹತ್ತು ವರ್ಷ ಕಳೆದ ಮೇಲೆ. ಮೂರು ಮಾತಿನಲ್ಲಿ ಒಂದೂ ಪಾಲನೆಯಾಗಿರಲಿಲ್ಲ. ಗ್ರಂಥಾಲಯದಲ್ಲಿ ಕೂತು ಅದನ್ನು ಓದಿದಾಗ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಯಾರೋ ಒಬ್ಬ ಅಧಿಕಾರಿ ದರ್ಜಿಯ ಅಂಗಡಿಯವರೆಗೂ ಯೋಚಿಸಿ ಈ ನಿಯಮ ಬರೆದಿದ್ದಾರೆ. ಅಮ್ಮನಂಥವರ ಮಡಿಕೆಯ ಲೆಕ್ಕ ಅವರಿಗೆ ಗೊತ್ತಿತ್ತು.

ಶಾಲೆಯ ಬಟ್ಟೆ ಶುರುವಾದದ್ದೇ ಬಡ ಮಕ್ಕಳಿಗಾಗಿ ಎನ್ನುವುದು ಈಗ ಮರೆತುಹೋಗಿದೆ. ಲಂಡನ್ನಿನಲ್ಲಿ 1552ರಲ್ಲಿ ಅನಾಥ ಮತ್ತು ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಕಟ್ಟಿದರು. ಮಕ್ಕಳಿಗೆ ಅಲ್ಲೇ ಊಟ, ಅಲ್ಲೇ ವಾಸ, ಮೈಮೇಲೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ. ಕೋಟು ನೋಡಿದರೆ ಸಾಕು, ಧರ್ಮಕ್ಕೆ ಓದುವ ಮಗು ಎಂದು ಊರಿಗೆ ಗೊತ್ತಾಗುತ್ತಿತ್ತು. ಆ ಶಾಲೆ ಇಂದಿಗೂ ಇದೆ, ಹೆಚ್ಚುಕಡಿಮೆ ಅದೇ ಕೋಟನ್ನು ಇಂದಿಗೂ ಶಾಲೆಯೇ ಮಕ್ಕಳಿಗೆ ಕೊಡುತ್ತದೆ. ಶಾಲೆಯ ಘನತೆಗೆ ನಾಲ್ಕು ವರ್ಷಕ್ಕೊಮ್ಮೆ ಹೊಸ ಡಿಸೈನ್ ಬೇಕು ಎನ್ನುವವರಿಗೆ ಹೇಳಲು ಇದು ಒಳ್ಳೆಯ ಉದಾಹರಣೆ.

ನಮ್ಮಲ್ಲಿ ಸರ್ಕಾರ ಬಟ್ಟೆ ಕೊಡಲು ಮುಂದಾದದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಮೈಮೇಲೆ ಹಾಕಲು ಬಟ್ಟೆಯಿಲ್ಲ ಎಂದು ಮಗು ಶಾಲೆ ಬಿಡಬಾರದು. ವಿದ್ಯಾವಿಕಾಸ ಯೋಜನೆಯಡಿ ಉಚಿತ ಪಠ್ಯಪುಸ್ತಕ, ಉಚಿತ ಸಮವಸ್ತ್ರ ಬಂದವು. ಆಮೇಲೆ 2006–07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್, ಮುಂದಿನ ದಶಕದಲ್ಲಿ ಶೂ ಮತ್ತು ಸಾಕ್ಸ್. ಈ ನೀಲಿ ಬಟ್ಟೆಗೆ ಇನ್ನೊಂದು ತುದಿಯೂ ಇದೆ. ಅದರಲ್ಲಿ ಒಂದು ಪಾಲನ್ನು ಒದಗಿಸುತ್ತಿದ್ದುದು 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ. ಉತ್ತರ ಕರ್ನಾಟಕದ ಎಷ್ಟೋ ನೇಕಾರರ ಮನೆಗಳಲ್ಲಿ ಮಗ್ಗ ನಿಲ್ಲದೆ ನಡೆದದ್ದು ಶಾಲೆಯ ಮಕ್ಕಳ ಬಟ್ಟೆಯ ಆರ್ಡರಿನಿಂದ. ಅಂದರೆ ಇಲ್ಲಿ ಪ್ರತಿ ವರ್ಷ ಹೊಸ ಬಟ್ಟೆ ಬೇಕಾದದ್ದು ಮಗುವಿಗೆ ಮಾತ್ರವಲ್ಲ, ನೇಕಾರನಿಗೂ ಹೌದು. 'ಪ್ರತಿ ವರ್ಷ ಹೊಸತು' ಎನ್ನುವುದನ್ನು ಸಾರಾಸಗಟು ದುಂದು ಎನ್ನಲು ನಾನು ಹಿಂಜರಿಯುವುದು ಈ ಕಾರಣಕ್ಕೆ.

ಮೇಲಾಗಿ ಸರ್ಕಾರಿ ಶಾಲೆಯ ಮಗು ಆ ಬಟ್ಟೆಯನ್ನು ಧರಿಸುವ ರೀತಿಯೇ ಬೇರೆ. ಶಾಲೆಗೂ ಅದೇ, ಸಂತೆಗೂ ಅದೇ, ಮದುವೆ ಮನೆಗೂ ಅದೇ. ಒಂದೇ ಜೊತೆ ಇದ್ದರೆ ಸಂಜೆ ಒಗೆದು ರಾತ್ರಿಯೊಳಗೆ ಒಣಗಿಸಬೇಕು. ಜೂನ್–ಜುಲೈ ಮಳೆಯಲ್ಲಿ ಒದ್ದೆ ಬಟ್ಟೆಯಲ್ಲೇ ಕ್ಲಾಸಿಗೆ ಬರುವವರನ್ನು ನೋಡಲು ಯಾವುದೇ ಸರ್ಕಾರಿ ಶಾಲೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಮಗೆ ಎರಡು ಜೊತೆ ಸಿಗಬೇಕು, ಕೊಡುತ್ತಿರುವುದು ಒಂದೇ ಎಂದು ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಒಬ್ಬ ಹುಡುಗ. 2019ರ ಆಗಸ್ಟ್‌ನಲ್ಲಿ ಕೋರ್ಟು ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡಬೇಕೆಂದು ಹೇಳಿತು. ಆದೇಶ ಪಾಲನೆಯಾಗದೆ ವಿಷಯ ನ್ಯಾಯಾಂಗ ನಿಂದನೆಗೆ ತಿರುಗಿತು. 2023ರಲ್ಲೂ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುತ್ತಲೇ ಇತ್ತು. ಸಾಕ್ಸಿನ ಎರಡನೇ ಜೊತೆಗಾಗಿ ಒಂದು ರಾಜ್ಯದ ಉಚ್ಚ ನ್ಯಾಯಾಲಯ ಇಷ್ಟು ವರ್ಷ ಕೂರಬೇಕಾಯಿತು.

ಈಗ ಮತ್ತೆ ನಮ್ಮ ಬೆಂಗಳೂರಿನ ಅಂಚಿಗೆ ಬರುತ್ತೇನೆ. ಇಲ್ಲಿ ಸರ್ಕಾರದ ನೀಲಿ ಬಟ್ಟೆಗೂ ಕೌಂಟರಿನ ಚೌಕಳಿ ಬಟ್ಟೆಗೂ ನಡುವೆ ಇರುವುದು ಒಂದು ರಸ್ತೆ ಅಷ್ಟೇ. ಜಾಲಹಳ್ಳಿಯ ಕಡೆ 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದಾಗ ಕಾರ್ಖಾನೆಯ ಜೊತೆ ಕಾಲೊನಿಯೂ ಬಂತು, ಕಾಲೊನಿಯ ಜೊತೆ ಶಾಲೆಯೂ ಬಂತು. 1970ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಬೆಳೆದಾಗ ಕಾಲೊನಿ ಬರಲಿಲ್ಲ. ಲೇತ್, ಪ್ರೆಸ್, ಆಮೇಲೆ ಗಾರ್ಮೆಂಟ್ಸ್‌ನಲ್ಲಿ ದುಡಿಯಲು ಬಂದವರು ಲಗ್ಗೆರೆ, ದಾಸರಹಳ್ಳಿ, ಸುಂಕದಕಟ್ಟೆಯ ವಠಾರಗಳಲ್ಲಿ ಬಾಡಿಗೆಗೆ ಇಳಿದರು. ಅವರ ಮಕ್ಕಳಿಗಾಗಿ ಮೂವತ್ತು–ನಲವತ್ತರ ಸೈಟಿನ ಮೇಲೆ ಮೂರು ಅಂತಸ್ತಿನ ಇಂಗ್ಲಿಷ್ ಮೀಡಿಯಂ ಶಾಲೆಗಳು ಎದ್ದವು. ಆಟದ ಮೈದಾನವಿಲ್ಲ, ಪ್ರಯೋಗಾಲಯವಿಲ್ಲ. ಇದು ಬೇರೆ ಥರದ ಶಾಲೆ ಎಂದು ತೋರಿಸಲು ಅವಕ್ಕಿದ್ದ ಅಗ್ಗದ ದಾರಿ ಟೈ ಮತ್ತು ಬೆಲ್ಟು. ಅಮ್ಮನೂ ಅದಕ್ಕೇ ಮನಸೋತಳು ಎಂದು ಒಪ್ಪಿಕೊಳ್ಳಬೇಕು. ಟೈ ಕಟ್ಟಿಕೊಂಡ ಮಗಳ ಫೋಟೊ ಊರಿಗೆ, ಮಾಗಡಿಯ ಕಡೆಯ ಅಜ್ಜಿಗೆ ಹೋಗಿತ್ತು.

1978ರಲ್ಲಿ ಕಿಯೊನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಾಗಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿಗೆ ಐಟಿಪಿಎಲ್ ಬಂತು. ಅಲ್ಲಿನ ಶಾಲೆಗಳದ್ದು ಇನ್ನೊಂದು ಜಗತ್ತು: ವಾರದ ಬಟ್ಟೆ, ಹೌಸ್ ಬಣ್ಣದ ಬಟ್ಟೆ, ಆಟಕ್ಕೆ ಬೇರೆ, ಈಜಿಗೆ ಬೇರೆ. ಬಟ್ಟೆ, ಪುಸ್ತಕ, ಲೇಖನ ಸಾಮಗ್ರಿಗಳನ್ನು ಶಾಲೆಯ ಆವರಣದಲ್ಲಿ ಮಾರಬಾರದು ಎಂದು ಸಿಬಿಎಸ್‌ಇ 2017ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಅದನ್ನು ಸ್ವಲ್ಪ ಸಡಿಲಿಸಿತು. ಆ ಪೋಷಕರಿಗೂ ಸಂಕಟ ಇದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಯಾರೂ ಸ್ಕರ್ಟಿಗಾಗಿ ಚೀಟಿ ಎತ್ತಿದ್ದನ್ನು ನಾನು ಕಾಣೆ.

ಸ್ಕರ್ಟಿನ ಹಣ ಎಲ್ಲಿಂದ ಬರುತ್ತದೆ ಎನ್ನುವುದು ನಗರಕ್ಕೆಲ್ಲ ಕಂಡದ್ದು 2016ರ ಏಪ್ರಿಲ್ 18 ಮತ್ತು 19ರಂದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಹೊಸೂರು ರಸ್ತೆಯಲ್ಲಿ, ಪೀಣ್ಯ–ಜಾಲಹಳ್ಳಿ ಕ್ರಾಸಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗಿಳಿದರು. ಯಾವ ದೊಡ್ಡ ಸಂಘಟನೆಯ ಕರೆಯೂ ಇರಲಿಲ್ಲ. ಲಾಠಿ, ಅಶ್ರುವಾಯು ಎಲ್ಲ ಆದ ಮೇಲೆ 19ರ ಸಂಜೆ ಕೇಂದ್ರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಅರ್ಥಶಾಸ್ತ್ರ ಬಲ್ಲವರು ಆಗ, ಇಳಿವಯಸ್ಸಿಗೆ ಇಟ್ಟ ಹಣವನ್ನು ಈಗಲೇ ಕೇಳುವುದು ಅವಿವೇಕ ಎಂದರು. ಗಾರ್ಮೆಂಟ್ಸ್‌ನಲ್ಲಿ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುವಾಗ ಕೈಗೆ ಬರುವ ಪಿಎಫ್ ಹಣದಲ್ಲೇ ಮನೆಯ ಅಡ್ವಾನ್ಸು, ಆಸ್ಪತ್ರೆ, ಶಾಲೆಯ ಫೀಸು ಕಟ್ಟುವುದು ನಮ್ಮ ಬೀದಿಯಲ್ಲಿ ಮಾಮೂಲು. ಮುಷ್ಕರ ನಡೆದದ್ದು ಏಪ್ರಿಲ್‌ನಲ್ಲಿ, ಶಾಲೆಯ ಪಟ್ಟಿ ಕೈಗೆ ಬರುವ ತಿಂಗಳು. ಎರಡಕ್ಕೂ ಸಂಬಂಧವಿದೆ ಎಂದು ಸಾಧಿಸಲು ನನ್ನ ಹತ್ತಿರ ದಾಖಲೆಯಿಲ್ಲ. ಅಮ್ಮ ಆ ದಿನ ಜಾಲಹಳ್ಳಿ ಕ್ರಾಸಿನಲ್ಲಿ ಇದ್ದಳು, ತಮ್ಮ ಆಗ ಎಂಟನೇ ಕ್ಲಾಸಿಗೆ ಹೋಗಬೇಕಿತ್ತು ಎಂದಷ್ಟೇ ಹೇಳಬಲ್ಲೆ.

ಬಟ್ಟೆಯ ಮಾತಾಯಿತು, ಪುಸ್ತಕದ್ದು ಬೇರೆ ಕಥೆ. ಅಕ್ಕನ ಪುಸ್ತಕ ತಮ್ಮನಿಗೆ, ಮೇಲ್ಮನೆಯ ಹುಡುಗನದು ಕೆಳಮನೆಯ ಹುಡುಗಿಗೆ ದಾಟುವುದು ಒಂದು ಕಾಲಕ್ಕೆ ಎಲ್ಲ ಬೀದಿಗಳಲ್ಲೂ ಇತ್ತು. ಉಳಿದದ್ದಕ್ಕೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು. ಖಾಸಗಿ ಪ್ರಕಾಶಕರ ವರ್ಕ್‌ಬುಕ್ಕುಗಳು ಬಂದಮೇಲೆ ಇದು ನಿಂತಿತು. ಪುಸ್ತಕದೊಳಗೇ ಉತ್ತರ ಬರೆಯಬೇಕಾದರೆ ಅದನ್ನು ಯಾರಿಗೆ ದಾಟಿಸುವುದು? ಹೀಗೆ ಕೊಂಡದ್ದನ್ನೆಲ್ಲ ಮಗು ಹೊರಲೂಬೇಕು. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ತಮ್ಮ ಮೊದಲ ಭಾಷಣವನ್ನೇ ಮಕ್ಕಳ ಬ್ಯಾಗಿನ ಭಾರಕ್ಕೆ ಮೀಸಲಿಟ್ಟರು; ಯಶಪಾಲ್ ಸಮಿತಿಯ ವರದಿ 1993ರಲ್ಲಿ ಬಂತು. ಒಂದು–ಎರಡನೇ ಕ್ಲಾಸಿನ ಬ್ಯಾಗು ಎರಡು ಕೆ.ಜಿ. ಮೀರಬಾರದು, ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ ಎಂದು ನಮ್ಮ ಸರ್ಕಾರ ಹೇಳಿದ್ದು 2019ರಲ್ಲಿ. ಭಾಷಣದಿಂದ ಆದೇಶಕ್ಕೆ ಮೂವತ್ತು ವರ್ಷ.

2022ರ ಆರಂಭದಲ್ಲಿ ಹಿಜಾಬ್ ಪ್ರಕರಣ ಹೈಕೋರ್ಟಿಗೆ ಬಂದಾಗ 11ನೇ ನಿಯಮ ಇದ್ದಕ್ಕಿದ್ದಂತೆ ಟೀವಿ ಚರ್ಚೆಗಳಲ್ಲಿ ಕೇಳಿಸಿತು. ಒಂದು ವರ್ಷದ ಮುನ್ಸೂಚನೆ ಬೇಕೇ ಬೇಡವೇ ಎಂದು ವಕೀಲರು ವಾದಿಸಿದರು. ಆ ತೀರ್ಪಿನ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ನಾನು ಗಮನಿಸಿದ್ದು ಇಷ್ಟೇ: ನಿಯಮದ ಮೊದಲ ಎರಡು ಮಾತುಗಳ ಬಗ್ಗೆ ವಾರಗಟ್ಟಲೆ ಕೂಗಾಟ ನಡೆಯಿತು, ಕೌಂಟರಿನಲ್ಲೇ ಕೊಳ್ಳಿ ಎಂದು ಒತ್ತಾಯಿಸಬಾರದೆನ್ನುವ ಮೂರನೆಯ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಬಟ್ಟೆಯಲ್ಲಿ ಧರ್ಮ ಹುಡುಕಿದಷ್ಟು ಸುಲಭವಾಗಿ ನಮಗೆ ಬೆಲೆ ಕಾಣುವುದಿಲ್ಲ.

ಅದಕ್ಕೆ ಸ್ವಲ್ಪ ಮೊದಲು, ಕೊರೊನಾ ಕಾಲದಲ್ಲಿ, ಬಟ್ಟೆಗೂ ಕಲಿಕೆಗೂ ಇರುವ ನಂಟನ್ನು ಪರೀಕ್ಷಿಸುವ ಅವಕಾಶ ತಾನಾಗಿ ಒದಗಿತ್ತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ಕ್ಲಾಸಿನವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮಡಚಿಟ್ಟ ಬಟ್ಟೆ ಯಾರ ಮೈಗೂ ಆಗುತ್ತಿರಲಿಲ್ಲ. ಆಗ ಎಷ್ಟೋ ಶಾಲೆಗಳು ಬಣ್ಣದ ಬಟ್ಟೆಯಲ್ಲೇ ಬನ್ನಿ ಎಂದವು, ಮಕ್ಕಳು ಬಂದರು, ಪಾಠ ನಡೆಯಿತು. ಅಕ್ಷರ ಮರೆತಿದ್ದರು, ಅದು ನಿಜ. ಅದಕ್ಕೆ ಸ್ಕರ್ಟು ಕಾರಣವಾಗಿರಲಿಲ್ಲ.

ನನ್ನ ಮಟ್ಟಿಗೆ, ಬೆಳೆಯುವ ಮೈಗೆ, ಮಳೆಗೆ, ಒಗೆತಕ್ಕೆ ಸಾಕಾಗುವಷ್ಟು ಬಟ್ಟೆ ಮಗುವಿಗೆ ಬೇಕು. ಒಂದು ಜೊತೆಯಲ್ಲಿ ಅದು ಆಗುವುದಿಲ್ಲ. ಕೊಪ್ಪಳದ ಹುಡುಗ ಕೇಳಿದ ಎರಡು ಜೊತೆ ಪ್ರತಿ ವರ್ಷವೂ, ಜೂನ್‌ನಲ್ಲೇ, ಸಿಗಬೇಕು. ಆದರೆ ಮೈ ಬೆಳೆಯುತ್ತದೆಂದು ಚೌಕಳಿ ಬದಲಾಗಬೇಕಿಲ್ಲ. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕಳಿಸುವುದರಿಂದಲೇ ಅಮ್ಮಂದಿರಿಗೆ ಯಾವುದಕ್ಕೆ ಇಲ್ಲವೆನ್ನಬೇಕು ಎಂದು ತಿಳಿಯದೆ ಹೋಗುತ್ತದೆ.

ಹೋದ ಮೇ ತಿಂಗಳಲ್ಲಿ 11ನೇ ನಿಯಮದ ಜೆರಾಕ್ಸ್ ಪ್ರತಿಯನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಮನೆಯಲ್ಲಿ ಮಿಷನ್ ಇದೆ, ಬೀದಿಯ ಮಕ್ಕಳ ಬಟ್ಟೆಗಳ ಮಡಿಕೆ ಬಿಚ್ಚುವ ಕೆಲಸ ಅವಳದೇ. ಪೂರ್ತಿ ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತ, "ಐದು ವರ್ಷಾನಾ? ಗೊತ್ತಿದ್ದಿದ್ರೆ ಇನ್ನೂ ಎರಡು ಬೆರಳು ಜಾಸ್ತಿ ಬಿಡ್ಸ್ತಿದ್ದೆ" ಎಂದಳು. ಆಮೇಲೆ ಆ ಜೆರಾಕ್ಸನ್ನು ಮಡಚಿ ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟಳು. ಪಕ್ಕದ ಮನೆಯವರು ಮಗಳ ಸ್ಕರ್ಟು ತಂದಾಗ ಅದನ್ನು ತೆಗೆದು ತೋರಿಸುತ್ತಿದ್ದಾಳಂತೆ.