ನೊಗ ಹೊತ್ತ ಅಪ್ಪನ ಚರಿತ್ರೆ

ಮಾಗಡಿ ಅಂದರೆ ನಮ್ಮ ಮಕ್ಕಳಿಗೆ ಕೆಂಪೇಗೌಡರ ಕೋಟೆ. ಚನ್ನಪಟ್ಟಣ ಅಂದರೆ ಬಣ್ಣದ ಬೊಂಬೆ. ಕೋಟೆಗೆ ಕಲ್ಲು ಹೊತ್ತವರ ಮಕ್ಕಳು ಎಲ್ಲಿ ಮಲಗಿದರು, ಅವರ ಅವ್ವಂದಿರು ಏನು ಹೇಳಿ ಹಸಿವು ಮರೆಸಿದರು? ಇದನ್ನು ಯಾವ ಪಠ್ಯವೂ ನಮಗೆ ಹೇಳಲಿಲ್ಲ. ನಾವು ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ರಾಜರ ಇಸವಿಗಳೆಲ್ಲ ಬಾಯಿಗೆ ಬಂದವು. ಅಪ್ಪ ಹುಟ್ಟಿದ ಇಸವಿ ಮಾತ್ರ ಗೊತ್ತಾಗಲಿಲ್ಲ.

ಇದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು ಕವಿ ಸಿದ್ಧಲಿಂಗಯ್ಯ. ಅವರ ಆತ್ಮಕಥೆ 'ಊರುಕೇರಿ'ಯ ಮೊದಲ ಭಾಗ 1996ರಲ್ಲಿ ಬಂತು. ಅದರ ಆರಂಭದಲ್ಲೇ ಒಂದು ನೋಟವಿದೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು. ಹೆಗಲ ಮೇಲೆ ನೊಗ. ಹಿಂದೆ ಒಬ್ಬ ಉಳುತ್ತಿದ್ದಾನೆ. ನೋಡುತ್ತಿದ್ದ ಹುಡುಗನಿಗೆ ಮೊದಲು ಅದು ತಮಾಷೆ. ನೊಗ ಹೊತ್ತವರಲ್ಲಿ ಒಬ್ಬ ತನ್ನಪ್ಪ ಅಂತ ತಿಳಿದಾಗ ಸಂಕಟ. ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಆದರೆ ಅದು ಆ ಹೊಲದ ಬದು ದಾಟಿರಲಿಲ್ಲ.

ಗೆಳೆಯರೇ, ಆ ಸಂಕಟ ಎಲ್ಲಿಂದ ಬಂತು? ಅಪ್ಪನ ಮೇಲಿನ ಪ್ರೀತಿಯಿಂದ. ಪ್ರೀತಿ ಇಲ್ಲದಿದ್ದರೆ ಆ ನೋಟ ತಮಾಷೆಯಾಗೇ ಉಳಿಯುತ್ತಿತ್ತು. ಅನ್ಯಾಯವನ್ನು ಅನ್ಯಾಯ ಅಂತ ಮಗು ಮೊದಲು ಕಾಣೋದು ಈ ಕಣ್ಣಿನಿಂದಲೇ.

ಅಮೆರಿಕದ ಕಪ್ಪು ಜನ ಇದನ್ನು ಮಕ್ಕಳ ಕಥೆಯಾಗಿಯೇ ಬರೆದರು. ಮಿಲ್ಡ್ರೆಡ್ ಟೇಲರ್ ತಮ್ಮಪ್ಪ ಹೇಳುತ್ತಿದ್ದ ಕಥೆಗಳನ್ನು ನೆನೆದು 1976ರಲ್ಲಿ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಕಾದಂಬರಿ ತಂದರು. ಅದು 1933ರ ಮಿಸಿಸಿಪ್ಪಿ. ಬಿಳಿಯರ ಮಕ್ಕಳು ಬಳಸಿ ಬಿಟ್ಟ ಪುಸ್ತಕಗಳು ಕಪ್ಪು ಮಕ್ಕಳ ಶಾಲೆಗೆ ಬರುತ್ತವೆ. ಯಾವ ವರ್ಷ ಯಾವ ಬಣ್ಣದ ಮಗುವಿಗೆ ಕೊಟ್ಟರು ಅನ್ನೋ ಪಟ್ಟಿ ರಟ್ಟಿನ ಒಳಗಡೆ ಇರುತ್ತದೆ. ಆ ಶಾಲೆಯಲ್ಲೇ ಪಾಠ ಹೇಳುವ ತಾಯಿ ಆ ಪಟ್ಟಿಯ ಮೇಲೆ ಕಾಗದ ಅಂಟಿಸುತ್ತಾಳೆ. ಅಷ್ಟೇ ಬಂಡಾಯ. ಓದಿದ ಮಗು ಮರೆಯಲ್ಲ.

ನಮ್ಮ ಕೇರಿಗಳಲ್ಲಿ ಇಂಥ ತಾಯಂದಿರಿಗೆ ಬರವೇ? 'ಊರುಕೇರಿ' ದೊಡ್ಡವರಿಗೆ ಬರೆದದ್ದು. ಮಕ್ಕಳಿಗೆ ಬರೆಯೋದು ಇನ್ನೂ ನಮ್ಮ ಮೇಲಿನ ಸಾಲ. ಬರೀ ಏಟು ಬರೆದರೆ ಮಗು ಹೆದರುತ್ತೆ. ಬರೀ ಪ್ರೀತಿ ಬರೆದರೆ ನೊಗ ಮರೆತುಹೋಗುತ್ತೆ. ಎರಡೂ ಒಂದೇ ಪುಟದಲ್ಲಿರಲಿ.

ಹಳ್ಳಿ ಮೇಷ್ಟ್ರೇ, ವಾರಕ್ಕೊಂದು ಪೀರಿಯಡ್ ಬಿಡಿ. ಕನಕಪುರದ ರಾಗಿ ಹೊಲದಲ್ಲಿ ಕಳೆ ಕಿತ್ತ ಅಜ್ಜಿಯನ್ನು, ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತ ತಾತನನ್ನು ಮಕ್ಕಳೇ ಕೇಳಿಕೊಂಡು ಬರಲಿ, ಬರೆಯಲಿ. ಇಸವಿ ಗೊತ್ತಿಲ್ಲದಿದ್ದರೆ 'ಬರ ಬಿದ್ದ ವರ್ಷ' ಅಂತಲೇ ಬರೆಯಲಿ. ಹೆಸರು ಮಾತ್ರ ಬಿಡದಿರಲಿ.