ನೀರಿನಲ್ಲಿ ನಿಂತ ದೇವಾಲಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಯಲುಸೀಮೆಯಲ್ಲಿ ಕೆರೆ ಕೋಡಿ ಹರಿದರೆ ಅದೇ ಹಬ್ಬ. ಆದರೆ ನೀರು ತುಂಬಿದ್ದರಿಂದಲೇ ಊರು ತೊರೆದ ಕುಟುಂಬಗಳೂ ಇದೇ ನಾಡಿನಲ್ಲಿವೆ. ಅವರ ಕಥೆಯನ್ನು ಅರಿಯಬೇಕಾದರೆ ಹಾಸನ ನಗರದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಗೆ ಹೋಗಬೇಕು.

1773ರಲ್ಲಿ ಯೇಸುಸಭೆಯು ರದ್ದಾದ ಬಳಿಕ ಮೈಸೂರು ಸೀಮೆಯ ಕ್ರೈಸ್ತರ ಆರೈಕೆಯ ಹೊಣೆ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯ ಗುರುಗಳ ಪಾಲಿಗೆ ಬಂದಿತು. ಫ್ರಾನ್ಸಿನಿಂದ ಬಂದ ಗುರುಗಳು 1860ರ ಸುಮಾರಿಗೆ ಹೇಮಾವತಿ ನದಿಯ ಸೀಮೆಯಲ್ಲಿ ಜಪಮಾಲೆ ಮಾತೆಯ ಹೆಸರಿನ ಈ ದೇವಾಲಯವನ್ನು ಕಟ್ಟಿಸಿದರು. ಗಾಥಿಕ್ ಶೈಲಿಯ ಚೂಪು ಕಮಾನುಗಳು, ಎತ್ತರದ ಗೋಡೆಗಳು, ಸುತ್ತಲೂ ರೈತರ ಹೊಲಗದ್ದೆಗಳು. ನೂರು ವರ್ಷಗಳಿಗೂ ಮಿಕ್ಕಿ ಇಲ್ಲಿ ಬಲಿಪೂಜೆ ನಡೆಯಿತು.

ಬಳಿಕ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. 1979ರಲ್ಲಿ ಕಾಮಗಾರಿ ಪೂರ್ಣಗೊಂಡಿತು. ಹಿನ್ನೀರು ಆವರಿಸುವ ಹಳ್ಳಿಗಳ ಜನರನ್ನು ಬೇರೆಡೆಗೆ ಸಾಗಿಸಲಾಯಿತು. ಮನೆಯ ಪಾತ್ರೆ, ದನಕರು, ಬೀಜದ ಮೂಟೆಗಳನ್ನು ಗಾಡಿಗೇರಿಸಿಕೊಂಡು ಹೋಗಬಹುದು. ದೇವಾಲಯವನ್ನು ಹೇಗೆ ಹೊತ್ತೊಯ್ಯುವುದು? ಅದು ಅಲ್ಲಿಯೇ ಉಳಿಯಿತು.

ಇಂದು ಮಳೆಗಾಲದಲ್ಲಿ ಅದರ ಬಹುಭಾಗವು ನೀರಿನಲ್ಲಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಳಗೆ ನಡೆದುಹೋಗಬಹುದು. ಮಾಡು ಇಲ್ಲ, ಗೋಡೆಗಳು ಒಂದೊಂದಾಗಿ ಶಿಥಿಲವಾಗುತ್ತಿವೆ. ಪ್ರವಾಸಿಗರು ಇದನ್ನು 'ಮುಳುಗುವ ಚರ್ಚು' ಎಂದು ಕರೆದು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ.

ನಾವು ಅಷ್ಟಕ್ಕೇ ತೃಪ್ತರಾಗಬಾರದು. ಅಣೆಕಟ್ಟನ್ನು ದೂರುವುದೂ ಸಲ್ಲದು. ಹೇಮಾವತಿಯ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತಿವೆ. ತುಮಕೂರು ನಗರದ ಮನೆಗಳಿಗೆ ಕುಡಿಯುವ ನೀರಾಗಿವೆ. ಆದರೆ ಆ ನೀರಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯುವುದು ಕೃತಘ್ನತೆಯಲ್ಲವೇ? ಪರರ ಅನ್ನಕ್ಕಾಗಿ ತಮ್ಮ ಮನೆಯನ್ನೂ, ಹಿರಿಯರ ಸಮಾಧಿಯ ನೆಲವನ್ನೂ ಬಿಟ್ಟುಕೊಟ್ಟವರ ತ್ಯಾಗವು ಯಾವ ಫಲಕದ ಮೇಲೂ ಹಿಡಿಸದು.

ಅಣೆಕಟ್ಟಿನ ಮುನ್ನ ಅಲ್ಲಿ ಜ್ಞಾನಸ್ನಾನ ಪಡೆದ ಕೂಸುಗಳು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಅವರೊಡನೆ ಆ ದೇವಾಲಯದ ಜೀವಂತ ನೆನಪೂ ಮರೆಯಾಗುತ್ತದೆ. ಗೋಡೆಯನ್ನು ಕೆಡವಲು ನೀರು ಬೇಕು. ನೆನಪನ್ನು ಅಳಿಸಲು ನಮ್ಮ ಮೌನವೊಂದೇ ಸಾಕು.

ಆದುದರಿಂದ ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದಾಗ ನಿಮ್ಮ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರ ಬಾಲ್ಯದ ದೇವಾಲಯ ಯಾವುದು, ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಕೇಳಿರಿ. ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.